ಫಕೀರವ್ವನ ಮನೆಗೆ ಇನ್ನೊಮ್ಮೆ ಹೋಗಿ ಬನ್ನಿ

ಗದಗ, ಫೆಬ್ರವರಿ ೩೧, ೨೧೮೭

ಅಕ್ಕಾರೆ, ನಮಸ್ಕಾರ.

ತಾರೀಖು ನೋಡಿ ಹುಬ್ಬೇರಿಸಬೇಡಿ. ನಮ್ಮಲ್ಲಿ ಬಿಸಿಲು ಬೇಗ ಬರುತ್ತದೆಂದು ಏಪ್ರಿಲ್ಲಿನ ಒಂದಷ್ಟು ದಿನ ಕಿತ್ತು ಫೆಬ್ರವರಿಗೆ ಅಂಟಿಸಿ ಬಹಳ ವರ್ಷವಾಯಿತು. ಬಿಸಿಲೇನೂ ಅದರಿಂದ ಕಡಿಮೆಯಾಗಲಿಲ್ಲ, ಆ ಮಾತು ಬಿಡಿ. ನನ್ನ ಬರವಣಿಗೆ ವಿಚಿತ್ರ ಅನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಕಡತ ಓದಿ ಕಲಿತವಳು. ನಿಮ್ಮ ಹೆಸರೂ ಗೊತ್ತಿಲ್ಲ, ನಿಮ್ಮ ವರದಿಯ ಕೆಳಗಿನ ಸಹಿ ಓದಲು ಬರುವುದಿಲ್ಲ. ಅಕ್ಷರ ನೋಡಿದರೆ ಕೆಲಸಕ್ಕೆ ಸೇರಿ ವರ್ಷ ತುಂಬದ ಹುಡುಗಿ ಇರಬೇಕು. ನೋಡಿ, ಕಾಣದವರ ಬಗ್ಗೆ ನಾನೂ ಏನೋ ಒಂದು ತೀರ್ಮಾನ ಮಾಡಿಬಿಟ್ಟೆ!

ನಾನು ದೇವಕ್ಕ ಬಡಿಗೇರ. ನಿಮ್ಮದೇ ಕೆಲಸ ನನ್ನದೂ. ಕಷ್ಟದಲ್ಲಿರುವ ಮನೆಗಳಿಗೆ ಹೋಗುವುದು, ನೋಡುವುದು, ಕೇಳುವುದು, ಬಂದು ವರದಿ ಬರೆಯುವುದು. ನಸುಕಿನಲ್ಲಿ ಹೊರಟು ಬಿಸಿಲೇರುವ ಮೊದಲು ಮರಳುತ್ತೇವೆ, ಮಧ್ಯಾಹ್ನ ಬೀದಿಗೆ ಇಳಿಯುವ ಹಾಗಿಲ್ಲ. ಚಹಾ ಎಂದು ಕುಡಿಯುವುದು ಹುರಿದ ಸಜ್ಜೆಯ ನೀರು. ರೊಟ್ಟಿ ಮಾತ್ರ ಈಗಲೂ ಜೋಳದ್ದೇ, ಪುಣ್ಯ. ನಮ್ಮಲ್ಲಿ ಓದೊಪ್ಪಿಗೆ ಎಂಬ ಪದ್ಧತಿ ಇದೆ: ಬರೆದದ್ದನ್ನು ಆ ಮನೆಯವರ ಎದುರೇ ಕೂತು ಗಟ್ಟಿಯಾಗಿ ಓದಬೇಕು, ಅವರು ತಡೆದ ಪದವನ್ನು ಹೊಡೆದು ಅಲ್ಲಿ ಕಣ್ಣಿಗೆ ಕಂಡದ್ದನ್ನು ಬರೆಯಬೇಕು. ಮೊನ್ನೆ ಒಬ್ಬ ಮುದುಕಿ ನಾನು ‘ಮನೆ ಗಲೀಜು’ ಎಂದು ಓದುತ್ತಲೇ ಎದ್ದು ನಿಂತು, ನಿನ್ನ ಮನೆಗೆ ನಲ್ಲಿ ನೀರು ಬರ್ತದೇನವ್ವಾ ಎಂದು ಝಾಡಿಸಿದಳು. ಹೊಡೆದು ಹಾಕಿ, ‘ತೊಳೆಯದ ಪಾತ್ರೆಗಳಿದ್ದವು, ನಲ್ಲಿಯಲ್ಲಿ ನೀರಿರಲಿಲ್ಲ’ ಎಂದು ಬರೆದೆ. ಇಂಥವು ದಿನಕ್ಕೆ ನಾಲ್ಕಾದರೂ ಇರುತ್ತವೆ. ಸಾಕಾಗಿಹೋಗಿದೆ ಅಕ್ಕಾರೆ, ಸುಳ್ಳೇಕೆ ಹೇಳಲಿ.

ಈಗ ವಿಷಯಕ್ಕೆ ಬರುತ್ತೇನೆ. ಸಾವಂತ್ರಿ ಎಂಬ ಹೆಣ್ಣುಮಗಳಿದ್ದಾಳೆ. ಅವಳಿಗೆ ಬಿಸಿಲುಜ್ವರ ಬಂದು ಹಾಸಿಗೆ ಹಿಡಿದಾಗ, ನಾಲ್ಕು ವರ್ಷದ ಮಗಳು ಕಸ್ತೂರಿಯನ್ನು ತಾನಾಗಿಯೇ ತಂದು ಆಸರೆಮನೆಗೆ ಒಪ್ಪಿಸಿದಳು. ಈಗ ಹುಷಾರಾಗಿದ್ದಾಳೆ, ಮಗಳನ್ನು ಕೊಡಿ ಎನ್ನುತ್ತಿದ್ದಾಳೆ. ಕೊಡಬೇಕೋ ಬೇಡವೋ ಎಂದು ನಿರ್ಧರಿಸುವುದು ಮಡಿಲುಸಭೆ, ಅಂದರೆ ಮಕ್ಕಳ ವಿಷಯ ತೀರ್ಮಾನಿಸುವ ಐದು ಜನ. ಅವರು ಮೊದಲು ನೋಡುವುದು ವಂಶಕಡತ. ಒಂದು ಮನೆತನದ ಬಗ್ಗೆ ನಿಮ್ಮ ಕಾಲದಿಂದ ಬರೆದದ್ದೆಲ್ಲ ಅದರಲ್ಲಿದೆ, ಏನನ್ನೂ ಬಿಸಾಕಿಲ್ಲ. ಅದನ್ನು ಓದಿ ತೂಕ ಹಾಕಲು ಒಂದು ಯಂತ್ರವಿದೆ. ನಾವು ತೂಕದಮ್ಮ ಎಂದು ಆಡಿಕೊಳ್ಳುತ್ತೇವೆ, ಅವಳಿಗೆ ಬೇಜಾರಿಲ್ಲ.

ತೂಕದಮ್ಮ ಸಾವಂತ್ರಿಯ ಕಡತದಿಂದ ಒಂದು ಹಾಳೆ ಎತ್ತಿ ಹಿಡಿದಳು. ನಿಮ್ಮ ಹಾಳೆ. ಸಾವಂತ್ರಿಗಿಂತ ಎಷ್ಟೋ ತಲೆಮಾರು ಹಿಂದಿನ ಹಿರೀಕಳಾದ ಫಕೀರವ್ವನ ಮನೆಗೆ ನೀವು ಒಂದು ಸಲ ಹೋಗಿದ್ದಿರಿ. ‘ಮಾವ ಪಡಸಾಲೆಯಲ್ಲಿ ಕೂತಿದ್ದರು, ಎಲ್ಲ ಪ್ರಶ್ನೆಗೂ ಅವರೇ ಉತ್ತರ ಕೊಟ್ಟರು. ತಾಯಿ ಬಾಗಿಲ ಮರೆಯಲ್ಲಿ ನಿಂತಿದ್ದರು, ಮಾತಾಡಲಿಲ್ಲ. ತಾಯಿಗೆ ಮಗುವಿನ ಮೇಲೆ ಮಮತೆ ಇಲ್ಲ.’ ಮೊದಲೆರಡು ಸಾಲು ನೀವು ಕಂಡದ್ದು. ಮೂರನೆಯದು ಎಲ್ಲಿಂದ ಬಂತು? ಆಮೇಲೆ ಬಂದವರು ಅದನ್ನೇ ನಕಲು ಮಾಡಿದರು. ಫಕೀರವ್ವನ ಮಗಳ ಹಾಳೆಯಲ್ಲಿ ‘ಮನೆತನದಲ್ಲಿ ಮಮತೆ ಕಡಿಮೆ’ ಎಂದಾಯಿತು, ಮೊಮ್ಮಗಳ ಹಾಳೆಯಲ್ಲಿ ‘ಎಂದಿನಂತೆ’ ಎಂದಾಯಿತು. ಯಾರೂ ಮತ್ತೆ ಹೋಗಿ ನೋಡಿದಂತಿಲ್ಲ.

ನಾನು ಸಭೆಯಲ್ಲಿ ಎದ್ದು, ಆ ಕಾಲದಲ್ಲಿ ಮಾವನ ಎದುರು ಸೊಸೆ ಬಾಯಿ ಬಿಡುತ್ತಿರಲಿಲ್ಲ, ಸೆರಗು ಎಳೆದುಕೊಂಡು ಬಾಗಿಲ ಹಿಂದೆ ನಿಲ್ಲುವುದೇ ಮರ್ಯಾದೆಯಾಗಿತ್ತು ಎಂದೆ. ಸಭೆಯ ಹಿರಿಯರು ಕನ್ನಡಕ ತೆಗೆದು, ಅದು ನಿಮ್ಮ ಊಹೆ ದೇವಕ್ಕ, ಒಂದು ಊಹೆಯನ್ನು ಇನ್ನೊಂದು ಊಹೆಯಿಂದ ಹೊಡೆಯಲಿಕ್ಕೆ ಬರುವುದಿಲ್ಲ ಎಂದರು. ಅವರು ಹೇಳಿದ್ದು ತಪ್ಪಲ್ಲ. ಹಳೆಯ ಹಾಳೆಗಳಿಗೆ ಓದೊಪ್ಪಿಗೆ ಆಗಿಲ್ಲ. ಬರೆದವರೇ ತಿದ್ದಬೇಕು, ಬೇರೆ ಯಾರೂ ಮುಟ್ಟುವಂತಿಲ್ಲ. ಮುಂದಿನ ಸಭೆಯಷ್ಟರಲ್ಲಿ ಅದು ಹಾಗೆಯೇ ಇದ್ದರೆ ಕಸ್ತೂರಿ ಬೀದರದ ಕಡೆಯ ಬೇರೊಂದು ಮನೆಗೆ ಹೋಗುತ್ತಾಳೆ. ಸಾವಂತ್ರಿ ಅಳಲಿಲ್ಲ, ಒಂದು ಮಾತೂ ಆಡಲಿಲ್ಲ. ಮೂಲೆಯಲ್ಲಿ ಕೂತ ಗುಮಾಸ್ತ ಅದನ್ನೂ ಬರೆದುಕೊಂಡ. ನನಗೆ ಅವನ ಕೈ ಹಿಡಿದು ನಿಲ್ಲಿಸಬೇಕೆನಿಸಿತು.

ಹಿಂದಂಚೆ ಎಂಬ ವ್ಯವಸ್ಥೆ ನಮ್ಮಲ್ಲಿದೆ, ಹಿಂದಿನ ಕಾಲಕ್ಕೆ ಕಾಗದ ಕಳಿಸುವುದು. ಸೇವೆಯಲ್ಲಿರುವವರಿಗೆ ಜೀವಮಾನದಲ್ಲಿ ಒಂದೇ ಕಾಗದ. ನನ್ನ ಜೊತೆಯವಳೊಬ್ಬಳು ಅದನ್ನು ಅಜ್ಜಿಯ ಉಪ್ಪಿನಕಾಯಿ ಮಾಡುವ ಬಗೆ ಕೇಳಲು ಬಳಸಿದಳು. ನಾನು ಯಾವುದಕ್ಕಾದರೂ ಬೇಕಾದೀತೆಂದು ಜೋಪಾನ ಮಾಡಿದ್ದೆ. ಈಗ ನಿಮಗೆ ಬರೆಯುತ್ತಿದ್ದೇನೆ. ನೀವು ಅಲ್ಲಿ ತಿದ್ದಿದರೆ ನಮ್ಮ ಕಡತದಲ್ಲಿಯೂ ಹಾಳೆ ತಿದ್ದಿಕೊಳ್ಳುತ್ತದೆ.

ಫಕೀರವ್ವ ಒಳ್ಳೆಯ ತಾಯಿ ಎಂದು ಬರೆಯಿರೆಂದು ನಾನು ಕೇಳುತ್ತಿಲ್ಲ. ಅವಳು ಎಂಥವಳೋ ನನಗೆ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಮಾವ ಹೊರಗೆ ಹೋದ ಹೊತ್ತು ನೋಡಿ ಇನ್ನೊಮ್ಮೆ ಹೋಗಿ. ಪಡಸಾಲೆ ಬೇಡ, ಒಲೆಯ ಹತ್ತಿರ ಕೂರಿ, ಪ್ರಶ್ನೆ ಆಮೇಲೆ ಕೇಳಿದರಾಯಿತು. ಮಗು ಅತ್ತರೆ ಅವಳು ಏನು ಮಾಡುತ್ತಾಳೆ, ಮಗು ಯಾರ ಹತ್ತಿರ ಓಡುತ್ತದೆ, ನೋಡಿ. ಅವಳು ಹೇಳಿದ್ದನ್ನು ಅವಳ ಮಾತಲ್ಲೇ ಬರೆದು ಅವಳಿಗೇ ಓದಿ ಹೇಳಿ. ಒಂದು ವೇಳೆ ಅವಳು ಮಗುವಿಗೆ ಹೊಡೆದರೆ ಹೊಡೆದಳು ಎಂದೇ ಬರೆಯಿರಿ. ನಿಮಗೆ ಹೀಗೆ ಬರೆಯುತ್ತಿದ್ದೇನೆಂದು ಸಾವಂತ್ರಿಗೂ ಹೇಳಿದೆ, ಆಗಲಿ, ಅವರು ಕಂಡದ್ದೇ ಬರೀಲಿ ಎಂದಳು. ನಿಮಗೂ ದಣಿವಾಗಿರುತ್ತದೆ, ಇನ್ನೂ ಹತ್ತು ಮನೆ ಬಾಕಿ ಇರುತ್ತವೆ, ಬಸ್ಸು ತಪ್ಪುತ್ತದೆ, ನನಗೆ ಗೊತ್ತು. ಆದರೂ ಹೋಗಿ ಬನ್ನಿ ಅಕ್ಕಾರೆ. ಒಬ್ಬಳು ತಾಯಿ ಇಲ್ಲಿ ತನ್ನ ಮಗುವಿನ ಬಟ್ಟೆ ಮಡಚಿ ಇಟ್ಟುಕೊಂಡು ಕೂತಿದ್ದಾಳೆ.

ನಿಮ್ಮ,
ದೇವಕ್ಕ