ಜಾಫರಸಾಬನನ್ನು ಯಾವ ಸರಹದ್ದಿಗೆ ಒಯ್ದಿರಿ?

ಮಾನ್ಯ ಪೊಲೀಸ್ ವರಿಷ್ಠಾಧಿಕಾರಿಗಳೇ,

ಇಳಕಲ್ಲಿನ ನೇಕಾರ ಜಾಫರಸಾಬನನ್ನು ಬೇರೆ ಜಿಲ್ಲೆಯ ಪೊಲೀಸರು ಕರೆದೊಯ್ದು ಇಂದಿಗೆ ಹನ್ನೊಂದು ದಿನ. ಯಾವ ಠಾಣೆಗೆ ಒಯ್ದರೆಂಬುದು ಅವನ ಹೆಂಡತಿಗೆ ತಿಳಿಯದು. ನಮ್ಮ ಠಾಣೆಗೂ ತಿಳಿಯದಂತೆ. ಹುನಗುಂದದ ಕಚೇರಿಯ ಮುಂದೆ ಕುಳಿತು ಇಪ್ಪತ್ತು ವರ್ಷ ಊರವರ ಅರ್ಜಿ ಬರೆದವನು ನಾನು. ವಿನಯದ ಮಾತು ಎಷ್ಟು ಬೇಕಾದರೂ ಬರೆಯಬಲ್ಲೆ. ಇಂದು ಆ ಮನಸ್ಸಿಲ್ಲ.

ಆ ಸೋಮವಾರ ಬೆಳಿಗ್ಗೆ ಸಾದಾ ಉಡುಪಿನ ಮೂವರು ನಮ್ಮ ಓಣಿಗೆ ಬಂದು, ಒಂದು ಸೀರೆ ಬಿಚ್ಚಿ ತೋರಿಸಿ, ಇದು ಯಾರ ಕೈಕೆಲಸ ಎಂದು ಕೇಳಿದರು. ವ್ಯಾಪಾರಿಗಳೆಂದು ತಿಳಿದೆ. ಇಳಕಲ್ಲಿಗೆ ಸೀರೆ ಹಿಡಿದು ಬರುವವರು ಬೇರೆ ಯಾರು? ನೆರೆಯವನಿಗೆ ಕೆಲಸ ಸಿಗಲೆಂದು ನಾನೇ ಮುಂದಾಗಿ ಜಾಫರಸಾಬನ ಬಾಗಿಲಿಗೆ ಕರೆದೊಯ್ದೆ. ಅವನ ಹೆಂಡತಿ ರಂಜಾನಬಿ ಚಹಾ ಕೊಟ್ಟಳು. ಅವನು ಸೀರೆಯ ಒಡಲಿಗೂ ಸೆರಗಿಗೂ ಎಳೆಯೆಳೆಯಾಗಿ ಕೊಂಡಿ ಹಾಕಿದ ಜಾಗವನ್ನು ಸವರಿ ನೋಡಿದ.

"ಇದನ್ನ ನಾನಽ ನೇಯ್ದೇನ್ರಿ. ಕೊಂಡಿ ಮುಟ್ಟಿದ್ರ ಸಾಕು, ಕಣ್ಣು ಮುಚ್ಚಿ ಹೇಳ್ತೇನಿ," ಎಂದ.

"ಹಂಗಾರ ಜೀಪು ಹತ್ತು. ನಾವು ಬ್ಯಾರೆ ಜಿಲ್ಲಾದ ಪೊಲೀಸರು. ಸಂಜಿಕ ಬಿಡ್ತೇವಿ," ಎಂದರು.

ಅದು ಯಾವುದೋ ಅಂಗಡಿಯಿಂದ ಕಳವಾದ ಸೀರೆಯಂತೆ. ಸ್ವಾಮಿ, ತನ್ನ ಕೆಲಸವನ್ನು ಗುರುತು ಹಿಡಿದ ನೇಕಾರ ಕಳ್ಳನಾಗುತ್ತಾನೆಯೇ? ನೂಲು ಕೊಟ್ಟು ನೇಯಿಸುವ ಸಾವಕಾರನ ಕೈಗೆ ಕೊಟ್ಟ ಸೀರೆ ಮುಂದೆ ಯಾವ ಪೇಟೆ ಸೇರಿತು, ಯಾರು ಉಟ್ಟರು ಎಂಬುದು ಅವನಿಗೇನು ಗೊತ್ತು? ಗೊತ್ತಿಲ್ಲವೆಂದು ಒಂದು ಸುಳ್ಳು ಹೇಳಿದ್ದರೆ ಇಂದು ಮಗ್ಗದ ಮುಂದೆ ಕುಳಿತಿರುತ್ತಿದ್ದ.

ಸಂಜೆಯಾದರೂ ಅವನು ಬರಲಿಲ್ಲ. ರಂಜಾನಬಿಯೊಡನೆ ನಮ್ಮ ಠಾಣೆಗೆ ಹೋದೆ.

"ಅವರು ನಮ್ಮವರಲ್ರಿ. ನಮಗ ಹೇಳಿ ಬಂದಿಲ್ಲ," ಎಂದರು ಜಮಾದಾರರು.

"ಹಂಗಾರ ಮನಷ್ಯಾ ಕಾಣವಲ್ಲ ಅಂತ ಬರ್ಕೋರಿ," ಎಂದೆ.

"ಪೊಲೀಸರು ಒಯ್ದಾರಂತ ನೀವಽ ಹೇಳ್ತೀರಿ. ಕಳದಾನಂತ ಹೆಂಗ ಬರಿಯೋದು? ಒಯ್ದವರನ್ನ ಹೋಗಿ ಕೇಳ್ರಿ."

ಗಡಿಯಾಚೆಯ ಎರಡು ಠಾಣೆಗಳಿಗೂ ಬಸ್ಸು ಹತ್ತಿ ಹೋದೆವು. ಇಲ್ಲಿಲ್ಲ ಎಂದರು. ಒಬ್ಬರಂತೂ, ನೀವು ಬೇರೆ ಜಿಲ್ಲೆಯವರು, ನಿಮ್ಮ ದೂರು ನಮ್ಮ ಸರಹದ್ದಿಗೆ ಬರುವುದಿಲ್ಲ ಎಂದು ಬುದ್ಧಿ ಹೇಳಿ ಕಳಿಸಿದರು.

ಕಾನೂನು ತಿಳಿಯದೆ ಬರೆಯುತ್ತಿಲ್ಲ. ಆರೋಪಿಯನ್ನು ಹಿಡಿಯಲು ಪೊಲೀಸರು ಸರಹದ್ದು ದಾಟಬಹುದು, ದಾಟಲೇಬೇಕು. ಕಳ್ಳನೇನು ಗಡಿಕಲ್ಲು ನೋಡಿ ನಿಲ್ಲುತ್ತಾನೆಯೇ? ಆದರೆ ಹಿಡಿಯುವಾಗ ಇಲ್ಲದ ಸರಹದ್ದು, ಹಿಡಿದವನು ಎಲ್ಲಿ ಎಂದು ಕೇಳುವಾಗ ಎಲ್ಲಿಂದ ಎದ್ದು ಬರುತ್ತದೆ? ಇಪ್ಪತ್ನಾಲ್ಕು ತಾಸಿನೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂಬ ಕಾನೂನಿಗೆ ಆ ಜೀಪಿನಲ್ಲಿ ಜಾಗವಿರಲಿಲ್ಲವೇ?

ಮಗ್ಗದ ಮೇಲೆ ಅರ್ಧ ಸೀರೆ ಹಾಗೇ ಇದೆ. ರಂಜಾನಬಿ ಯಾರಿಗೂ ಮುಟ್ಟಗೊಡುವುದಿಲ್ಲ. ನನ್ನ ಮೇಲೆ ಒಮ್ಮೆಯೂ ಸಿಟ್ಟಾಗಿಲ್ಲ; ಅದನ್ನೇ ನನಗೆ ತಡೆಯಲಾಗುತ್ತಿಲ್ಲ. ದಿನಾ ಬೆಳಿಗ್ಗೆ ಬಂದು ಒಂದೇ ಮಾತು ಕೇಳುತ್ತಾಳೆ.

"ರಾಚಪ್ಪಣ್ಣಾ, ಅವ್ರನ್ನ ನೀವಽ ಕರ್ಕೊಂಡ ಬಂದಿದ್ರಿ. ಯಾವೂರವ್ರು ಅಂತ ಕೇಳಿದ್ರೇನು?"

ನಾನು ಕೇಳಿರಲಿಲ್ಲ.

ನನ್ನ ಬೇಡಿಕೆ ಒಂದೇ. ಅವನು ಯಾವ ಠಾಣೆಯಲ್ಲಿದ್ದಾನೆ, ಜೀವದಿಂದಿದ್ದಾನೆಯೇ ಎಂದು ನಿಮ್ಮ ಸಹಿಯೊಡನೆ ಒಂದು ಸಾಲು ಬರೆದು ಅವನ ಮನೆಗೆ ಕಳಿಸಿ. ತರುವವನಿಗೆ ಮನೆ ತಿಳಿಯದಿದ್ದರೆ ನನ್ನನ್ನು ಕೇಳಲಿ. ಈ ಸಲ ಮೊದಲು ಅವನ ಹೆಸರು, ಊರು ಕೇಳಿ, ಆಮೇಲೆ ಮನೆ ತೋರಿಸುತ್ತೇನೆ.

ಇಂತಿ,
ಆ ದಿನ ಕೇಳದೆ ತೋರಿಸಿದ ನೆರೆಯವ,
ರಾಚಪ್ಪ, ಅರ್ಜಿ ಬರೆಯುವವ
ಇಳಕಲ್ಲ, ೧೯೮೨