ನಿಮ್ಮ ಫೋಟೋದ ಮುಂದೆ ಊದಿನಕಡ್ಡಿ ಯಾಕಿಲ್ಲ

ಅತ್ತೀ,

ನಾನು ಗಿರಿಜಾ, ನಿಮ್ಮ ಬಾಯಿಬಡಕಿ ಸೊಸೆ. ಹನ್ನೆರಡು ವರ್ಷ ನಿಮ್ಮೆದುರು ಒಂದಕ್ಕೆ ಎರಡು ಮಾತಾಡಿದವಳು, ಈಗ ನಿಮ್ಮ ಮೊಮ್ಮಗಳು ಸುಮಿಯ ನೋಟ್‌ಬುಕ್ಕಿನ ನಡುವಿನ ಹಾಳೆ ಕಿತ್ತುಕೊಂಡು ಕೂತರೆ ಮೊದಲ ಮಾತೇ ಹೊರಡುತ್ತಿಲ್ಲ. ನಿನ್ನೆ ನಿಮ್ಮ ವರ್ಷದ ಪೂಜೆ ಮುಗಿಯಿತು. ಹೋಳಿಗೆ ಚಲೋ ಆಗಿದ್ದವು. ಕಟ್ಟಿನ ಸಾರಿಗೆ ಉಪ್ಪು ಮಾತ್ರ ಸ್ವಲ್ಪ ಮುಂದಾಗಿತ್ತು. ನೀವು ಇದ್ದಿದ್ದರೆ ಎಂಟು ದಿನ ಅದನ್ನೇ ಆಡಿಕೊಳ್ಳುತ್ತಿದ್ದಿರಿ. ಬಂದವರೆಲ್ಲ ಉಣ್ಣಲು ಕೂತಾಗ ನಿಮ್ಮ ಮಗಳು, ಮೋಟೆಬೆನ್ನೂರಿನ ಅಕ್ಕ, ಎಲ್ಲರಿಗೂ ಕೇಳುವ ಹಾಗೆ ಅಂದರು: "ಅಲ್ಲ ಗಿರಿಜಾ, ನಮ್ಮವ್ವನ ಫೋಟೋದ ಮುಂದ ಒಂದು ಊದಿನಕಡ್ಡಿ ಹಚ್ಚಾಕೂ ನಿನಗ ಭಾರ ಆತೇನ?" ಅದರ ಉತ್ತರ ಮೊದಲು ನಿಮಗೆ ಸಲ್ಲಬೇಕು ಅನ್ನಿಸಿತು.

ನೆನಪಿದೆಯೇ, ರಾಣೆಬೆನ್ನೂರಿನಿಂದ ನಾನು ಮದುಮಗಳಾಗಿ ಬ್ಯಾಡಗಿಗೆ ಬಂದ ದಿನ? ಹೊಸ್ತಿಲ ಮೇಲಿನ ಅಕ್ಕಿಯ ಸೇರನ್ನು ಒದೆಯುವ ಮೊದಲೇ ಮೂರು ಸಲ ಸೀನಿದ್ದೆ. "ತಡಿ ತಡಿ, ನಾಕನೇದೂ ಬರಲಿ, ಆಮ್ಯಾಲ ಒಳಗ ಬಾ" ಅಂದಿರಿ, ಎಲ್ಲರೂ ನಕ್ಕರು. ಪಡಸಾಲೆಯ ತುಂಬ ದಲಾಲಿ ಅಂಗಡಿಯವರು ಕೆಲಸಕ್ಕೆ ಕೊಟ್ಟ ಒಣಮೆಣಸಿನಕಾಯಿ. ಬೆಳಕಿಂಡಿಯಿಂದ ಇಳಿದ ಬಿಸಿಲೂ ಕೆಂಪಾಗಿ ಕಾಣುತ್ತಿತ್ತು, ಅದರೊಳಗೆ ಧೂಳು ಮೆಲ್ಲಗೆ ಮೇಲೆ ಕೆಳಗೆ ಆಡುತ್ತಿತ್ತು. ಮರುದಿನ ನೀವು ಕಾಲು ಚಾಚಿ ಕೂತು ಒಂದೊಂದೇ ಕಾಯಿಯ ತುಂಬು ಮುರಿಯುವುದನ್ನು ನೋಡುತ್ತ ಕೂತೆ. ತುಂಬು ಅಂದರೆ ತೊಟ್ಟು ಎಂದು ನನಗೆ ತಿಳಿದದ್ದೂ ಆವತ್ತೇ. ಟಕ್, ಟಕ್, ಟಕ್. ಈಗಲೂ ಮಧ್ಯಾಹ್ನ ಕಣ್ಣು ಎಳೆಯುವ ಹೊತ್ತಿಗೆ ಆ ಸಪ್ಪಳ ಕೇಳುತ್ತದೆ. ಎದ್ದು ನೋಡಿದರೆ ಪಡಸಾಲೆ ಖಾಲಿ.

ಸುಮಿ ಹುಟ್ಟಿದ ಮೇಲೆ ಅವಳು ನನ್ನ ಮಗಳಿಗಿಂತ ಹೆಚ್ಚು ನಿಮ್ಮ ಮೊಮ್ಮಗಳಾದಳು. ಎರೆದು ಲೋಬಾನದ ಹೊಗೆ ಹಾಕುವವರು ನೀವು, ನಿಮ್ಮ ಕೌದಿಯೊಳಗೆ ಎಳೆದುಕೊಂಡು ಮಲಗಿಸುವವರೂ ನೀವು. ಮಲಗುವುದು ಒಳಕೋಣೆಯಲ್ಲಿ, ತಲೆಯ ಕಡೆ ಗೋಡೆಗೆ ಆನಿಸಿ ಏಳೆಂಟು ಮೆಣಸಿನಕಾಯಿ ಚೀಲ. "ಚೀಲ ಪಡಸಾಲ್ಯಾಗ ಇಡೂಣೇನ್ರಿ ಅತ್ತಿ?" ಅಂತ ಒಮ್ಮೆ ಕೇಳಿದ್ದಕ್ಕೆ, "ಲಕ್ಷ್ಮೀನ ಹೊರಗ ಮಲಗಸ್ತಿಯೇನ ನೀ?" ಅಂತ ಬಾಯಿ ಮುಚ್ಚಿಸಿದ್ದಿರಿ. ಮೂರು ವರ್ಷ ತುಂಬುವ ಹೊತ್ತಿಗೆ ಕೂಸಿನ ಎದೆಯಲ್ಲಿ ಸಿಳ್ಳು ಶುರುವಾಯಿತು. ನೀವು ಅವಳ ಅಂಗಿ ಮೇಲೆತ್ತಿ ಬೆನ್ನಿಗೆ ಕಿವಿ ಹಚ್ಚುತ್ತಿದ್ದಿರಿ. "ಏ, ಹುಬ್ಬಳ್ಳಿ ರೈಲು ಬಂತಲ್ಲೇ ಸುಮೀ!" ಉಸಿರಿಗೆ ಒದ್ದಾಡುತ್ತಲೇ ಅದು ನಗುತ್ತಿತ್ತು. ಆಮೇಲೆ ಅದೇ ಆಟವಾಯಿತು. ಬೆಳಿಗ್ಗೆ ಎದ್ದ ಕೂಡಲೇ ನಿಮಗೆ ಬೆನ್ನು ತಿರುಗಿಸಿ ನಿಂತು, "ಅಜ್ಜಿ, ರೈಲು ಬಂತೇನ?" ಬಂದಿಲ್ಲ ಅಂದ ದಿನ ಮನೆಯೆಲ್ಲ ಕುಣಿಯುತ್ತಿತ್ತು. ಬಂತು ಅಂದ ದಿನ ನನ್ನ ಕೈಯಲ್ಲಿ ರೊಟ್ಟಿ ತಟ್ಟಲೂ ಆಗುತ್ತಿರಲಿಲ್ಲ.

ದೃಷ್ಟಿ ತೆಗೆದದ್ದು ನೆನೆಸಿಕೊಂಡರೆ ಈಗ ನಗಲೋ ಅಳಲೋ ಗೊತ್ತಾಗುವುದಿಲ್ಲ. ಏಳು ಮೆಣಸಿನಕಾಯಿ, ಒಂದು ಮುಷ್ಟಿ ಉಪ್ಪು, ಕಸಬರಿಗೆಯ ಎರಡು ಕಡ್ಡಿ. ಮೂರು ಸಲ ಇಳಿಸಿ ಒಲೆಗೆ ಒಗೆದು ಮೂಗು ಮೇಲೆ ಮಾಡಿ ಕೂರುತ್ತಿದ್ದಿರಿ. ಘಾಟು ಬಂದರೆ ಏನೂ ಆಗಿಲ್ಲ, ಘಾಟು ಬರದಿದ್ದರೆ ಖರೇ ದೃಷ್ಟಿ ತಾಗಿದೆ ಅಂತ ಲೆಕ್ಕ. ಅತ್ತಿ, ನಮ್ಮ ಊರಿನ ಕಾಯಿಗೆ ಬಣ್ಣವೇ ಹೆಚ್ಚು, ಖಾರ ಕಡಿಮೆ. ಅದರ ಮೇಲೆ ಹುಟ್ಟಿದಾಗಿನಿಂದ ಅದರ ಧೂಳಿನಲ್ಲೇ ಬೆಳೆದ ಮೂಗು ನಿಮ್ಮದು. ಆ ಮೂಗಿಗೆ ಘಾಟು ಎಲ್ಲಿಂದ ಬರಬೇಕು? "ನೋಡು, ಒಂಚೂರೂ ಘಾಟಿಲ್ಲ. ಯಾವಾಕಿ ಕಣ್ಣ ಬಿತ್ತೋ ಏನೋ!" ನಾನು ಬಾಗಿಲಲ್ಲಿ ನಿಂತು ಕಣ್ಣಲ್ಲಿ ನೀರು ಬರುವ ಹಾಗೆ ಕೆಮ್ಮುತ್ತಿದ್ದೆ. "ನೀ ರಾಣೆಬೆನ್ನೂರಾಕಿ, ನಿನ್ನ ಕೆಮ್ಮ ಹಿಡಿಯಂಗಿಲ್ಲ" ಅಂತಿದ್ದಿರಿ. ಕೂಸೂ ಕೆಮ್ಮುತ್ತಿತ್ತು. "ಅದಕ್ಕ ದಮ್ಮ ಐತಿ, ಕೆಮ್ಮತೈತಿ." ಹೀಗೆ ಕೆಮ್ಮುವ ಇಬ್ಬರನ್ನೂ ಬಿಟ್ಟು, ಕೆಮ್ಮದ ಒಬ್ಬರ ಮಾತಿನ ಮೇಲೆ ನಮ್ಮ ಮನೆಯಲ್ಲಿ ಪ್ರತಿ ಅಮಾವಾಸ್ಯೆಗೂ ದೃಷ್ಟಿ ತಾಗುತ್ತಿತ್ತು.

ಹಾವೇರಿಯ ಮಕ್ಕಳ ಡಾಕ್ಟರ ಹತ್ತಿರ ಹೋದ ದಿನ ಸುಮಿಯ ತುಟಿ ನೀಲಿಯಾಗಿತ್ತು. ನಿಮ್ಮ ಮಗ ಕೂಸನ್ನು ಎತ್ತಿಕೊಂಡು ಬಸ್‌ಸ್ಟ್ಯಾಂಡಿನಿಂದ ಓಡಿದರು, ನಾನು ಹಿಂದೆ ಚಪ್ಪಲಿ ಕೈಯಲ್ಲಿ ಹಿಡಿದು. ಉಸಿರು ಹತೋಟಿಗೆ ಬಂದ ಮೇಲೆ ಡಾಕ್ಟರು ಕೇಳಿದ್ದೆಲ್ಲ ನಮ್ಮ ಮನೆಯ ಬಗ್ಗೆ. ಎಲ್ಲಿ ಮಲಗತೈತಿ, ಯಾರ ಕೂಡ, ಹಾಸಿಗಿ ಯಾವಾಗ ಒಗದಿದ್ರಿ, ಮನ್ಯಾಗ ಏನೇನು ಸುಡತೀರಿ? ಒಂದೊಂದಕ್ಕೆ ಉತ್ತರ ಹೇಳುತ್ತ ಹೋದ ಹಾಗೆ ನನ್ನ ದನಿ ಸಣ್ಣದಾಯಿತು. ಚೀಲ, ಕೌದಿ, ಲೋಬಾನ, ದೃಷ್ಟಿ. "ಎಳಕೊಳ್ಳೂ ಔಷಧ ಕೊಡತೇನಿ, ತಪ್ಪಸಬ್ಯಾಡ್ರಿ. ಆದ್ರ ಧೂಳು, ಹೊಗಿ ಹಂಗ ಇದ್ರ ಔಷಧ ಒಂದ ಎಷ್ಟಂತ ಜಗ್ಗೀತು?" ಅಂದರು ಅವರು.

ಅಲ್ಲಿಂದ ಬಂದವಳು ನಾನು ಮನುಷ್ಯಳಾಗಿರಲಿಲ್ಲ, ಅತ್ತಿ. ನೀವು ತುಂಬು ಬಿಡಿಸುವುದನ್ನು ಬಿಟ್ಟು ಎರಡೂ ಕೈ ಚಾಚಿ ಬಾಗಿಲಿಗೆ ಓಡಿ ಬಂದಿರಿ. ಸೆರಗಿನಿಂದ ಕೆಂಪು ಧೂಳು ಉದುರಿತು. ನಾನು ಕೂಸನ್ನು ಹಿಂದಕ್ಕೆ ಎಳೆದುಕೊಂಡೆ. "ಆ ಸೀರಿ ಉಟಗೊಂಡು ನನ್ನ ಮಗಳನ್ನ ಮುಟ್ಟಬ್ಯಾಡ್ರಿ!" ಓಣಿಯ ಹೆಂಗಸರೆಲ್ಲ ಕೇಳಿಸಿಕೊಂಡರು. ನಿಮ್ಮ ಕೈ ಚಾಚಿದ ಹಾಗೇ ಇತ್ತು. ಆಮೇಲೆ ಮೆಲ್ಲಗೆ ಕೇಳಿದಿರಿ, "ಗಿರಿಜಾ, ನನ್ನ ಸೆರಗಿನಿಂದನ ಆತೇನ ಇದೆಲ್ಲಾ?" ನಾನು ಉತ್ತರ ಕೊಡದೆ ಒಳಗೆ ಹೋದೆ. ಒಂದು "ಇಲ್ರಿ" ಅನ್ನಲು ನನಗೆ ಏನು ಧಾಡಿಯಾಗಿತ್ತು?

ಅಲ್ಲಿಂದ ಎಂಟು ದಿನ ನೀವು ಹೊಸ್ತಿಲ ಆಚೆ ಕೂತೇ ಸುಮಿಗೆ ಕತೆ ಹೇಳಿದಿರಿ. ಅದು ಈಚೆ ಕೂತು ಕೇಳುತ್ತಿತ್ತು, ಮಾತು ಮುಗಿಯುವ ಮುಂಚೆಯೇ ಅಲ್ಲೇ ನಿದ್ದೆ ಹೋಗುತ್ತಿತ್ತು. ಒಂಬತ್ತನೆಯ ದಿನ ನೀವೇ ದಲಾಲಿ ಅಂಗಡಿಯ ಆಳನ್ನು ಕರೆಸಿ ಚೀಲ ಹೊರಿಸಿದಿರಿ. "ಇನ್ನ ಮನಿಗೆ ಒಂದ ಚೀಲಾನೂ ತರಬ್ಯಾಡಪ್ಪ, ನಾನ ಅಲ್ಲಿಗೆ ಬರತೇನಿ." ಅರವತ್ತು ದಾಟಿದವರು ಬುತ್ತಿ ಕಟ್ಟಿಕೊಂಡು ಅಂಗಡಿಯ ಅಂಗಳಕ್ಕೆ ಹೋಗಿ ಕೂತು ಕೆಲಸ ಮಾಡಿದಿರಿ. ಸಂಜೆ ಹಿತ್ತಲಿನಿಂದ ಬಂದು, ತಲೆಯ ಮೇಲೆ ನೀರು ಹಾಕಿಕೊಂಡು, ಟ್ರಂಕಿನಲ್ಲಿ ಬೇರೆ ಇಟ್ಟಿದ್ದ ಆ ಹಸಿರು ಸೀರೆ ಉಟ್ಟುಕೊಂಡು, ಆಮೇಲೆ "ಎಲ್ಲಿ ನನ್ನ ಬಂಗಾರ?" ಅನ್ನುತ್ತಿದ್ದಿರಿ. ಕೌದಿಯನ್ನು ಕುದಿನೀರಲ್ಲಿ ಅದ್ದಿ ಒಗೆದು, ಬೇಸಿಗೆಯ ಬಿಸಿಲಿಗೆ ಮೂರು ದಿನ ಹಾಕಿದ್ದೂ ನೀವೇ. ದೃಷ್ಟಿ ತೆಗೆಯುವುದನ್ನೂ ಬಿಟ್ಟಿರಿ. ಬರಿಗೈಯಿಂದ ನೀವಾಳಿಸಿ ಬೆರಳು ಲಟಿಕೆ ಮುರಿದು ಸುಮ್ಮನಾಗುತ್ತಿದ್ದಿರಿ. ರೈಲು ಬರುವುದು ಅಪರೂಪವಾಯಿತು. ಆದರೆ ಆ ಪ್ರಶ್ನೆಯನ್ನು ನೀವು ಮತ್ತೆ ಕೇಳಲಿಲ್ಲ, ನಾನೂ ಬಾಯಿ ಬಿಡಲಿಲ್ಲ. ಒಂದೇ ಒಲೆಯ ಮುಂದೆ ಕೂತು ನಾಲ್ಕು ವರ್ಷ ರೊಟ್ಟಿ ಬೇಯಿಸಿದೆವು, ಅತ್ತಿ.

ಹೋದ ವರ್ಷ ಆ ಮಧ್ಯಾಹ್ನ ಹಸಿರು ಸೀರೆಯಲ್ಲೇ ಇದ್ದಿರಿ. ಸುಮಿಯ ಬೆನ್ನಿಗೆ ಕಿವಿ ಹಚ್ಚಿ "ಬಂದಿಲ್ಲವಾ" ಅಂದು, ಅವಳ ಪಕ್ಕದಲ್ಲೇ ಅಡ್ಡಾದವರು… ಚಹಾಕ್ಕೆ ಎಬ್ಬಿಸಲು ಬಂದೆ ನಾನು.

ನೀವು ಹೋದ ಮೇಲೆ ನಾನು ನಿಮ್ಮ ಫೋಟೋದ ಮುಂದೆ ದಿನಕ್ಕೆ ಮೂರು ಸಲ ಊದಿನಕಡ್ಡಿ ಹಚ್ಚಿದೆ. ಪೇಟೆಯಲ್ಲಿ ಸಿಗುವ ಭಾರೀ ವಾಸನೆಯದೇ. ಬಾಯಲ್ಲಿ ಹೇಳಲಾಗದ್ದನ್ನು ಹೊಗೆಯಲ್ಲಿ ಹೇಳಲು ಹೊರಟಿದ್ದೆನೋ ಏನೋ. ಪಡಸಾಲೆಯಲ್ಲಿ ಹೊಗೆ ಬಳುಕುತ್ತ ಏರಿ ನಿಮ್ಮ ಮುಖದ ಮುಂದೆ ತೇಲುತ್ತಿತ್ತು, ನೀವು ಈಗ ಕಣ್ಣು ಮಿಟುಕಿಸುತ್ತೀರಿ ಅನ್ನಿಸುತ್ತಿತ್ತು. ಹದಿನೈದು ದಿನದೊಳಗೆ ಸುಮಿಗೆ ಸಿಳ್ಳು ತಿರುಗಿ ಬಂತು. ಅಜ್ಜಿಯನ್ನು ನೆನೆಸಿ ಹಾಗಾಗಿದೆ ಅಂದರು ಓಣಿಯವರು. ಕೂಸಿನ ಜೋಡಿ ನಾನೂ ಕಣ್ಣೀರು ಹಾಕಿದೆ. ಮತ್ತೆ ಹಾವೇರಿಗೆ ಹೋಗಿ ಡಾಕ್ಟರ ಮುಂದೆ ಎದೆ ಸೆಟೆಸಿ ಹೇಳಿದೆ, "ಔಷಧ ಒಂದ ದಿನಾನೂ ತಪ್ಪಸಿಲ್ರಿ. ಮನ್ಯಾಗ ಒಂದ ಮೆಣಸಿನ್ಕಾಯಿ ಚೀಲ ಇಲ್ರಿ, ಲೋಬಾನ ಇಲ್ರಿ, ಏನೂ ಇಲ್ರಿ." ಅವರು ನನ್ನನ್ನೇ ನೋಡಿ ಕೇಳಿದರು, "ಊದಿನಕಡ್ಡಿ?"

ಬಸ್ಸಿನಲ್ಲಿ ವಾಪಸು ಬರುವಾಗ ಸುಮಿ ನನ್ನ ತೊಡೆಯ ಮೇಲೆ ಮಲಗಿದ್ದಳು. ಕಿಡಕಿಯ ಆಚೆ ಹೊಲಗಳು ಹಿಂದೆ ಹಿಂದೆ ಸರಿಯುತ್ತಿದ್ದವು, ನನಗೆ ಎಲ್ಲವೂ ಕಣ್ಣೀರಿನಲ್ಲಿ ಕಲಸಿ ಕಾಣುತ್ತಿದ್ದವು. ನಿಮ್ಮನ್ನು ಹೊಸ್ತಿಲ ಆಚೆ ಕೂರಿಸಿದ ನನ್ನನ್ನು ಈಗ ಯಾರು ಹೊಸ್ತಿಲ ಆಚೆ ಕೂರಿಸಬೇಕು? ಪ್ರೀತಿಯಿಂದಲೇ ನೀವು ಲೋಬಾನ ಹಾಕಿದಿರಿ, ಪ್ರೀತಿಯಿಂದಲೇ ನಾನು ಊದಿನಕಡ್ಡಿ ಹಚ್ಚಿದೆ. ಗೊತ್ತಾದ ದಿನ ನೀವು ಹುಟ್ಟಿದಾಗಿನ ರೂಢಿಯನ್ನೇ ಬದಲಿಸಿಕೊಂಡಿರಿ. ನನಗೆ ಒಂದು ಮಾತು ಆಡಲು ಇಷ್ಟು ವರ್ಷ ಬೇಕಾಯಿತು. ಕೇಳಿರಿ ಅತ್ತಿ, ಇದೇ ನಿಮ್ಮ ಪ್ರಶ್ನೆಗೆ ಉತ್ತರ: ನಿಮ್ಮ ಸೆರಗೊಂದರಿಂದ ಅಲ್ಲ. ಕೂಸಿನ ಎದೆ ನಾಜೂಕಿತ್ತು, ಮನೆಯ ತುಂಬ ನಾವೆಲ್ಲ ಸೇರಿ ಹೊಗೆ, ಧೂಳು ಮಾಡಿದ್ದೆವು. ಓಣಿಗೆ ಕೇಳುವ ಹಾಗೆ ನಿಮ್ಮ ಮೇಲೆ ಹೊರಿಸಿದ್ದು ನನ್ನ ತಪ್ಪು. ಈ ಉತ್ತರ ನಿಮ್ಮ ಕಿವಿ ಮುಟ್ಟುವ ಮೊದಲೇ ನೀವು ಹೋದಿರಿ.

ಊದಿನಕಡ್ಡಿ ಅವತ್ತೇ ನಿಂತಿತು. ಈಗ ಬರೀ ಎರಡು ಹೂವು, ಒಂದು ಲೋಟ ನೀರು. ನಿನ್ನೆ ಇಷ್ಟನ್ನೆಲ್ಲ ಅಕ್ಕನಿಗೆ ಹೇಗೆ ಹೇಳಲಿ ಅಂತ ನಾನು ಹೋಳಿಗೆಯ ಬುಟ್ಟಿ ಹಿಡಿದು ನಿಂತೇ ಇದ್ದೆ. ಅಕ್ಕ ತಾವೇ ಮೋಟೆಬೆನ್ನೂರಿನಿಂದ ತಂದ ಊದಿನಕಡ್ಡಿಯ ಪೊಟ್ಟಣ ಒಡೆದು, ಕಡ್ಡಿಪೆಟ್ಟಿಗೆ ಕೈಗೆ ತಗೊಂಡರು. ಅಷ್ಟರಲ್ಲಿ ಸುಮಿ ಓಡಿ ಬಂದು ನಿಮ್ಮ ಫೋಟೋಕ್ಕೆ ಬೆನ್ನು ಮಾಡಿ ನಿಂತಳು, ದಿನಾ ಬೆಳಿಗ್ಗೆ ನಿಲ್ಲುತ್ತಾಳಲ್ಲ, ಹಾಗೆ. ಅಂಗಿ ಮೇಲೆತ್ತಿ, "ಅಜ್ಜಿ, ರೈಲು ಬಂತೇನ?" ಅಂದಳು.

"ಏನಬೇ ಇದು?" ಅಂದರು ಅಕ್ಕ.

"ಅಜ್ಜಿ ಕಿವಿ ಹಚ್ಚಿ ಹೇಳತಿದ್ಲರಿ. ಈಗ ಹೇಳಂಗಿಲ್ಲ, ಆದ್ರ ನಾ ಕೇಳತೇನಿ. ಹೊಗಿ ಹಾಕಿದ್ರ ರೈಲು ಬರತೈತ್ರಿ, ಅದಕ್ಕ ಅವ್ವ ಕಡ್ಡಿ ಹಚ್ಚಂಗಿಲ್ಲ."

ಅಕ್ಕ ಕಡ್ಡಿಪೆಟ್ಟಿಗೆ ಕೆಳಗಿಟ್ಟು, ಮೊಣಕಾಲೂರಿ, ನಿಮ್ಮ ಹಾಗೆಯೇ ಕಣ್ಣು ಮುಚ್ಚಿ ಸುಮಿಯ ಬೆನ್ನಿಗೆ ಕಿವಿ ಹಚ್ಚಿದರು. ಉಣ್ಣುತ್ತಿದ್ದವರೂ ಕೈ ನಿಲ್ಲಿಸಿದರು. ಅಕ್ಕ ತಲೆ ಎತ್ತಿ ನನ್ನ ಕಡೆ ನೋಡಲಿಲ್ಲ, ಸುಮಿಯ ಕಡೆಯೂ ನೋಡಲಿಲ್ಲ. ನಿಮ್ಮ ಫೋಟೋ ನೋಡಿ ಹೇಳಿದರು:

"ಬಂದಿಲ್ಲಬೇ ಯವ್ವಾ."