ಅಂಗಡಿ ಕೇಕು

ಅಮ್ಮಾ,

ಬೆರಳು ಮುರಿದಿರುವುದರಿಂದ ಈ ಪತ್ರವನ್ನು ಫೋನಿಗೆ ಹೇಳಿ ಕಳಿಸುತ್ತಿದ್ದೇನೆ. ಗಾಬರಿಯಾಗಬೇಡ, ಚೆಂಡು ಒದೆಯುವವನಿಗೆ ಕಾಲಿದ್ದರೆ ಸಾಕು. ಒಂದೇ ವರ್ಷಕ್ಕೆಂದು ಅಲಬಾಮಾ ಬಿಟ್ಟವನು ವಿಯೆನ್ನಾ, ಪಾರ್ಮಾ ಎಲ್ಲ ಸುತ್ತಿ, ನಮ್ಮ ಅಮೆರಿಕನ್ ಫುಟ್‌ಬಾಲ್ ಆಡುತ್ತಲೇ ಈ ಜರ್ಮನ್ ಊರಲ್ಲಿ ಐವತ್ತರ ವಯಸ್ಸು ಮುಟ್ಟಿದ್ದೇನೆ. ಸೆಪ್ಟೆಂಬರಿನ ಪಂದ್ಯವೇ ನನ್ನ ಕೊನೆಯದು.

ನೀನು ಅಂದುಕೊಂಡಂತೆ ಇಲ್ಲಿ ದೊಡ್ಡ ಸ್ಟೇಡಿಯಂ ಇಲ್ಲ. ಮೈದಾನಕ್ಕೆ ಗೆರೆ ಎಳೆಯುವವರೂ ನಾವೇ. ಆಟದ ದಿನ ಪ್ರತಿ ಆಟಗಾರನ ಮನೆಯವರು ಕೇಕು ಮಾಡಿ ತರುತ್ತಾರೆ; ಅದನ್ನು ಮಾರಿದ ದುಡ್ಡಿನಲ್ಲೇ ಕ್ಲಬ್ಬಿನ ಬಸ್ಸು ಓಡುತ್ತದೆ. ನಾನು ಮಾತ್ರ ಅಂಗಡಿಯದನ್ನು ಇಡುತ್ತೇನೆ. ಕೇಕಿನ ಮೇಜು ನೋಡಿಕೊಳ್ಳುವ ಹೆಡ್ವಿಗ್ ಅಜ್ಜಿ ಬಿಡುವವಳಲ್ಲ.

"ಮತ್ತೆ ಅಂಗಡೀದೇನಾ ರೋಸ್ಕೊ? ನಿಂಗೇನು ಹೆತ್ತೋರು ಇಲ್ವೇನೋ?"

ಹೋದ ಶನಿವಾರ, ನಿನ್ನನ್ನು ಕೇಳದೆಯೇ ಹೇಳಿಬಿಟ್ಟೆ: "ಕೊನೇ ಆಟಕ್ಕೆ ನಮ್ಮಮ್ಮ ಬರ್ತಾಳೆ. ಅವಳ ಗೆಣಸಿನ ಪೈ ಮುಂದೆ ನಿಮ್ದೆಲ್ಲಾ ಏನೂ ಅಲ್ಲ."

"ಬರ್ಲಿ, ನೋಡೇ ಬಿಡೋಣ" ಅಂದಳು.

ವಿಮಾನವೆಂದರೆ ನಿನಗೆ ಭಯ, ಗೊತ್ತು. ಆದರೂ ಬಾ. ಗೆಣಸು ಇಲ್ಲೇ ಸಿಗುತ್ತದೆ, ಪೈ ಬೇಯಿಸುವ ನಿನ್ನ ಆ ಹಳೇ ತಗಡಿನ ತಟ್ಟೆಯನ್ನಷ್ಟೇ ತಾ. ಮೈದಾನದಲ್ಲಿ ಕೂರುವ ಬೆಂಚು ಗಟ್ಟಿ, ಒಂದು ದಿಂಬು ತಾ ಅನ್ನುವವನಿದ್ದೆ. ಅದು ಬೇಡವಂತೆ. ಹೆಡ್ವಿಗ್ ತನ್ನ ಪಕ್ಕದಲ್ಲಿ ಆಗಲೇ ಇನ್ನೊಂದು ಮೆತ್ತನೆ ಕುರ್ಚಿ ಹಾಕಿಟ್ಟಿದ್ದಾಳೆ.

ನಿನ್ನ ಮಗ,
ರೋಸ್ಕೊ